ಚೆಂಡು ಬಿಡದ ಕೈ

ಜೋಳದ ಹೊಲದ ನಡುವೆ ಬೆದರುಬೊಂಬೆಯೊಂದು ಎರಡೂ ಕೈ ಅಗಲಿಸಿಕೊಂಡು ನಿಂತದ್ದನ್ನು ಕಂಡದ್ದೇ ತಡ, ಬಂದೇನವಾಜನ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಮುಗ್ಗರಿಸಿ, ಬಿಕ್ಕಳಿಸಿ, ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಸ್ಟೇರಿಂಗಿನ ಮುಂದೆ ಕೂತವನು ಅವನಲ್ಲ. ಹುನಗುಂದದಲ್ಲಿ ಅವನದೊಂದು ಡ್ರೈವಿಂಗ್ ಸ್ಕೂಲು. ಕಲಿಯುವವರು ಬಲಕ್ಕೆ, ಕಲಿಸುವ ಅವನು ಎಡಕ್ಕೆ, ಅವನ ಕಾಲ ಬುಡದಲ್ಲಿಯೂ ಒಂದು ಬ್ರೇಕು. ಈ ಹೊತ್ತು ಬಲಕ್ಕೆ ಕೂತವರು ಸಿದ್ದಲಿಂಗವ್ವ ಅಕ್ಕೋರು, ಹೋದ ವರ್ಷವಷ್ಟೇ ಶಾಲೆಯ ನೌಕರಿಯಿಂದ ನಿವೃತ್ತರಾಗಿ, ಇನ್ನು ಮೇಲೆ ಯಾರ ಬೈಕಿನ ಹಿಂದೆಯೂ ಕೂರುವುದಿಲ್ಲ ಎಂದು ಹಟ ತೊಟ್ಟು ಕಾರು ಕೊಂಡವರು. ಅವರು ಸ್ಟೇರಿಂಗನ್ನು ಕೂಸಿನಂತೆ ಅವಚಿಕೊಂಡು, "ಯಾಕ ತಮ್ಮಾ, ಏನರ ಅಡ್ಡ ಬಂತೇನು?" ಎಂದರು. "ಏನಿಲ್ರಿ ಅಕ್ಕೋರ, ಬ್ರೇಕ್ ಹಿಡೀತೈತೋ ಇಲ್ಲೋ ಅಂತ ಸುಮ್ಕ ನೋಡಿದೆ." ಅಕ್ಕೋರು ಜಾರಿದ ಕನ್ನಡಕವನ್ನು ಮೇಲಕ್ಕೆ ನೂಕಿ, "ಹಿಡೀತೈತಿ ಬಿಡು, ಭಾಳ ಚಲೋ ಹಿಡೀತೈತಿ," ಎಂದು ಮತ್ತೆ ಕೀಲಿ ತಿರುವಿದರು. ಬೆದರುಬೊಂಬೆ ಹಿಂದೆ ಸರಿಯಿತು. ಅದರ ತಲೆಗೆ ಯಾರೋ ಬಿಳಿ ಟೋಪಿ ಬೇರೆ ಹಾಕಿದ್ದರು. ಎರಡೂ ಕೈ ಅಗಲ, ಬಿಳಿ ಟೋಪಿ, ಮುಖದಲ್ಲಿ ಯಾವ ಭಾವವೂ ಇಲ್ಲ: ಥೇಟ್ ಅಂಪೈರ್ ರಾಚಯ್ಯ ವೈಡ್ ತೋರಿಸಿದ ಹಾಗೆ.

ಎರಡು ತಿಂಗಳಿಂದ ಅವನಿಗೆ ಜಗತ್ತೆಲ್ಲ ಹೀಗೇ ಕಾಣುತ್ತಿತ್ತು. ಮಾಳಿಗೆಯ ಮೇಲೆ ಸೀರೆ ಒಣಹಾಕುವ ಹೆಂಗಸು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೈಮುರಿಯುವ ಗಂಡಸು, ಕರೆಂಟಿನ ಕಂಬ, ಬಟ್ಟೆ ಅಂಗಡಿಯಲ್ಲಿ ಬಟ್ಟೆಯ ಅಗಲ ತೋರಿಸುವ ಶೆಟ್ಟರು, ಎಲ್ಲರೂ ಅವನಿಗೆ ವೈಡ್ ಕೊಡುತ್ತಿದ್ದರು. ಅವನಾದರೋ ಹುನಗುಂದ ಯುವಕ ಸಂಘದ ಲೆಗ್ ಸ್ಪಿನ್ನರು. ಸಂಘದಲ್ಲಿ ಈಗ ಯುವಕರೆಂದರೆ ಕೀಪರ್ ಅಫ್ಸರ ಒಬ್ಬನೇ. ಉಳಿದವರೆಲ್ಲ ನಲವತ್ತರ ಆಚೀಚೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಭಾನುವಾರ ಮಾತ್ರ ಯುವಕರಾಗುವವರು. ಅಂಥವರ ನಡುವೆ ಹದಿನೆಂಟು ವರ್ಷ ಬಂದೇನವಾಜನ ಬೌಲಿಂಗು ಒಂದು ನಂಬಿಕೆಯ ವಸ್ತುವಾಗಿತ್ತು, ಊರಿನ ಬಾವಿಯ ಹಾಗೆ. ಇಳಕಲ್ಲಿನವರು, ಅಮೀನಗಡದವರು, ಬಾದಾಮಿಯವರು ಕೂಡ "ಆ ಡ್ರೈವಿಂಗ್ ಸ್ಕೂಲ್ ನವಾಜನ್ನ ನೋಡ್ಕೊಂಡ ಆಡ್ರಿಪಾ" ಎಂದು ತಮ್ಮವರಿಗೆ ಹೇಳಿ ಕಳಿಸುತ್ತಿದ್ದರು. ಆಮೇಲೊಂದು ಭಾನುವಾರ, ಯಾವ ಮುನ್ಸೂಚನೆಯೂ ಇಲ್ಲದೆ, ಕೈ ಚೆಂಡನ್ನು ಬಿಡುವುದನ್ನು ಮರೆಯಿತು. ಬಿಡು ಎಂದು ಮನಸ್ಸು ಹೇಳಿದರೆ ಬೆರಳು "ಈಗೇನಾ?" ಎಂದು ತಿರುಗಿ ಕೇಳುತ್ತಿತ್ತು. ಆ ಒಂದು ಪ್ರಶ್ನೆಯ ಹೊತ್ತಿನಲ್ಲಿ ತೋಳು ಮುಂದೆ ಹೋಗಿಬಿಟ್ಟಿರುತ್ತಿತ್ತು. ಒಂದು ಚೆಂಡು ಬ್ಯಾಟ್ಸ್‌ಮನ್ನಿನ ತಲೆಯ ಮೇಲೆ, ಒಂದು ಅವನ ಹಿಂದೆ, ಒಂದು ಬೌಲರನ ಕಾಲ ಬುಡದಲ್ಲೇ. ಇಳಕಲ್ಲಿನ ಪಂದ್ಯದಲ್ಲಂತೂ ಚೆಂಡು ಮುಂದೆ ಹೋಗಲೇ ಇಲ್ಲ; ಬೆನ್ನ ಹಿಂದೆ ಕಳಚಿಬಿದ್ದು ಮಿಡ್-ಆನಿನಲ್ಲಿ ನಿಂತವನ ಕಡೆಗೆ ಉರುಳಿತು. ಅವನು ಅದನ್ನು ಎತ್ತಿ, ಏನು ಮಾಡಬೇಕೆಂದು ತಿಳಿಯದೆ, ಬಹಳ ಮರ್ಯಾದೆಯಿಂದ ಬಂದೇನವಾಜನಿಗೇ ತಂದುಕೊಟ್ಟ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಮೇಲೊಂದು ಶೋಕದ ಶಹನಾಯಿ ಹಚ್ಚಿ, ತಾಲ್ಲೂಕಿನ ಗುಂಪುಗಳಿಗೆಲ್ಲ ಕಳಿಸಿದ್ದರು. ಅವನ ಮೊಬೈಲಿಗೆ ಅದು ಏಳು ಕಡೆಯಿಂದ ಬಂತು. ಒಂದು ಅವನ ಸ್ವಂತ ಅಕ್ಕನ ಮಗನಿಂದ.

"ಕ್ಲಚ್ ಬಿಡ್ರಿ ಅಕ್ಕೋರ, ನಿಧಾನ, ಹಂಗ, ಬಿಡ್ರಿ, ಬಿಡ್ರಿ," ಎನ್ನುತ್ತಿದ್ದ ತನ್ನ ಬಾಯಿಯನ್ನು ಕೇಳಿ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ದಿನಕ್ಕೆ ನೂರು ಸಲ ಪರರಿಗೆ ಬಿಡ್ರಿ ಬಿಡ್ರಿ ಎನ್ನುವವನು. ಅಕ್ಕೋರು ಬಿಟ್ಟರು, ಕಾರು ಜಿಗಿದು ಮತ್ತೆ ನಿಂತಿತು. "ನನ್ನ ಕಾಲಿಗೆ ತಿಳೀವಲ್ದು ತಮ್ಮಾ," ಎಂದು ಅವರು ನಾಚಿಕೆಯಿಲ್ಲದೆ ನಕ್ಕರು, "ತಲಿಗೆ ತಿಳದೈತಿ, ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ." ಈ ಮಾತು ಅವನಿಗೆ ಸಮಾಧಾನ ಕೊಡಬೇಕಿತ್ತು. ಆದರೆ ಕೊಡಲಿಲ್ಲ. ಅಕ್ಕೋರಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ಅಷ್ಟೇ. ತನಗೆ ಹದಿನೆಂಟು ವರ್ಷ ಮುಟ್ಟುತ್ತಿದ್ದ ಸುದ್ದಿ ನಡುದಾರಿಯಲ್ಲಿ ಕಳೆದಿತ್ತು.

ಪಾಠ ಮುಗಿಸಿ ಅಕ್ಕೋರನ್ನು ಮನೆಗೆ ಬಿಟ್ಟು, ಮುಂದಿನ ಕಲಿಯುವವರು ಬರುವವರೆಗೆ ಬೇವಿನ ನೆರಳಿಗೆ ಕಾರು ನಿಲ್ಲಿಸಿಕೊಂಡು ಅವನು ತನ್ನ ಪಾಪಗಳನ್ನು ಹುಡುಕಲು ಕೂತ. ಇದು ಈಚಿನ ರೂಢಿ. ಇಷ್ಟು ದೊಡ್ಡ ಶಿಕ್ಷೆ ಬಂದಿದೆ ಎಂದಮೇಲೆ ಇದಕ್ಕೆ ತಕ್ಕ ತಪ್ಪೊಂದು ಎಲ್ಲೋ ಇರಲೇಬೇಕು. ಚಿಕ್ಕವನಿದ್ದಾಗ ರೋಜಾ ಹಿಡಿದಿದ್ದೇನೆಂದು ಹೇಳಿ, ಹಿತ್ತಲಿನ ನಲ್ಲಿಗೆ ಬಾಯಿಟ್ಟು ನೀರು ಕುಡಿದಿದ್ದ. ಆದರೆ ಅದಕ್ಕೆ ಅವತ್ತೇ ಅವ್ವ ಅಮೀನಬಿಯ ಕೈಯಿಂದ ಬೆನ್ನಿಗೆ ಬಿದ್ದಿತ್ತು, ಬಾಕಿ ಉಳಿದಿರಲಿಲ್ಲ. ಸೋದರಮಾವನ ಮಣ್ಣಿಗೆ ಹೋದಾಗ ಶಾಲಿನ ಮರೆಯಲ್ಲಿ ಮೊಬೈಲ್ ಹಿಡಿದು ಭಾರತದ ಸ್ಕೋರು ನೋಡಿದ್ದ, ಆದರೆ ಪಕ್ಕದಲ್ಲಿದ್ದ ಮಾವನ ಹಿರಿಯ ಮಗನೂ ಬಗ್ಗಿ ನೋಡಿ "ಎಷ್ಟಾತು?" ಎಂದು ಕೇಳಿದ್ದ. ಮದುವೆಗೆ ಮುಂಚೆ ಶಮಾಳಿಗೆ ತನಗೆ ಅಡುಗೆ ಬರುತ್ತದೆಂದು ಸುಳ್ಳು ಹೇಳಿದ್ದ. ಎಲ್ಲ ಪುಡಿಪಾಪಗಳು. ಇವನ್ನೆಲ್ಲ ಕೂಡಿಸಿದರೂ ಒಂದು ವೈಡಿಗೆ ಸರಿಹೋದಾವು, ಎರಡು ತಿಂಗಳಿಗಲ್ಲ. ಒಂದು ಘನವಾದ ಪಾಪವನ್ನೂ ಮಾಡದೆ ಮೂವತ್ತೆಂಟು ವರ್ಷ ಕಳೆದೆನಲ್ಲ ಎಂದು ಅವನಿಗೆ ಒಂಥರಾ ಅವಮಾನವಾಯಿತು. ಕಾರಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಸಜ್ಜನನ ಮುಖ. ಅದೇ ಅವನಿಗೆ ಆಗ ಹೆಚ್ಚು ಬೇಸರ ತರಿಸಿದ್ದು.

ದೇಹದಲ್ಲಿ ಏನಾದರೂ ದೋಷವಿದ್ದರೂ ಆದೀತು ಎಂದು ಆಸೆಪಟ್ಟದ್ದೂ ಆಗಿತ್ತು. ಹೆಂಡತಿ ಶಮಾ ಇಳಕಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಅವಳು ಇವನ ರಕ್ತ ತೆಗೆದು ಸಕ್ಕರೆ, ಥೈರಾಯ್ಡು, ವಿಟಮಿನ್ನು ಎಲ್ಲ ನೋಡಿ, ಸಂಜೆ ಚಹಾದ ಜೊತೆ ಫಲಿತಾಂಶ ತಂದಿಟ್ಟಿದ್ದಳು. "ಎಲ್ಲಾ ನಾರ್ಮಲ್ ಅದಾವ್ರಿ." "ಎಲ್ಲಾ?" "ಎಲ್ಲಾ. ನನ್ನ ರಕ್ತಕ್ಕಿಂತ ನಿಮ್ದ ಚಲೋ ಐತಿ." ಅವನ ಮುಖ ಸಪ್ಪಗಾದದ್ದನ್ನು ನೋಡಿ ಅವಳು, "ಇನ್ನೊಂದ ಸಲ ನೋಡ್ಲೇನು, ಏನರ ಸಿಕ್ಕರ ಸಿಗಬಹುದು," ಎಂದು ಬಾಯಿಗೆ ಸೆರಗು ಹಿಡಿದಳು. ಹಿಡಿದರೂ ನಗು ನಿಲ್ಲಲಿಲ್ಲ. ಎಲುಬಿನ ಡಾಕ್ಟರು ಭುಜದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಂಥ ಭುಜ ಹೊಲದಲ್ಲಿ ದುಡಿಯುವವರಿಗೂ ಇರುವುದಿಲ್ಲ ಎಂದು ಹೊಗಳಿ ಕಳಿಸಿದರು. ಅವ್ವ ಮಾತ್ರ ಅವನ ಪಕ್ಷ ವಹಿಸಿ, ಇದು ಖರೆ ದೃಷ್ಟಿಯೇ ಎಂದು ಮೂರು ಸಂಜೆ ಉಪ್ಪು ಮೆಣಸಿನಕಾಯಿ ಇಳಿಸಿ ತೆಗೆದಳು. ಆಮೇಲಿನ ಭಾನುವಾರ ಅವನ ಮೊದಲ ಚೆಂಡು ಬೌಂಡರಿಯಾಚೆ ನಿಂತ ಐಸ್‌ಕ್ರೀಮ್ ಗಾಡಿಯ ಗಂಟೆಗೆ ಬಡಿದು, ಅಂಪೈರು ಕೈ ಅಗಲಿಸುವ ಮೊದಲೇ ಗಂಟೆ ಬಾರಿಸಿತು. ರಾಚಯ್ಯ ಓವರ್ ಮುಗಿದ ಮೇಲೆ ಅವನ ಟೋಪಿ ಹಿಂತಿರುಗಿಸುತ್ತ, ಕುಹಕವೇನೂ ಇಲ್ಲದೆ, "ತಮ್ಮಾ, ನನಗ ಎರಡೂ ಭುಜ ನೋವ ಹತ್ತ್ಯಾವಪಾ, ಒಂದ ವಾರ ನಾ ಆದ್ರೂ ರಜಾ ತಗೋತೇನಿ, ನೀ ಆದ್ರೂ ತಗೋ," ಎಂದಿದ್ದರು.

ಎಲ್ಲಕ್ಕಿಂತ ಅವನನ್ನು ಕೊರೆಯುತ್ತಿದ್ದದ್ದು ಬೇರೆಯೇ. ಕ್ಯಾಪ್ಟನ್ ಚೇತನಕುಮಾರ ಅವನನ್ನು ತಂಡದಿಂದ ಬಿಡುತ್ತಿರಲಿಲ್ಲ. ಒಂದೇ ಬೆಂಚಿನ ಮೇಲೆ ಕೂತು ಕಲಿತವರು, ಬೈಕು ಕಲಿಯುವಾಗ ಒಂದೇ ತಗ್ಗಿಗೆ ಬಿದ್ದವರು. ಪ್ರತಿ ಶನಿವಾರ ಸಂಘದ ಮೊಬೈಲ್ ಗುಂಪಿಗೆ ಹನ್ನೊಂದು ಹೆಸರು ಬರುತ್ತಿದ್ದವು, ಅದರಲ್ಲಿ ನವಾಜ ಎಂಬುದೂ ಇರುತ್ತಿತ್ತು. ಪಂದ್ಯದಲ್ಲಿ ಚೇತನ ಅವನಿಗೆ ಒಂದು ಓವರ್ ಕೊಡುತ್ತಿದ್ದ, ಇಲ್ಲವೆ ಕೊಡುತ್ತಿರಲಿಲ್ಲ. ಒಂದು ಬಿರುಸಿನ ಮಾತೂ ಆಡುತ್ತಿರಲಿಲ್ಲ. ಆ ಮೌನದಲ್ಲಿ ಬಂದೇನವಾಜನಿಗೆ ಕರುಣೆಯ ವಾಸನೆ ಬರುತ್ತಿತ್ತು, ದವಾಖಾನೆಯಲ್ಲಿ ಬರುವ ಫಿನಾಯಿಲಿನ ವಾಸನೆಯ ಹಾಗೆ, ಸ್ವಚ್ಛವಾಗಿ, ಉಸಿರು ಕಟ್ಟಿಸುವಂತೆ. ತನಗಾಗಿ ಚೇತನ ಮಿಕ್ಕವರ ಜೊತೆ ಜಗಳವಾಡುತ್ತಿರಬೇಕು. "ಅಂವಾ ಹದಿನೆಂಟು ವರ್ಷ ದುಡದಾನ, ನಾ ಅವನ್ನ ಬಿಡೂದಿಲ್ಲ" ಎಂದು ಎದೆತಟ್ಟಿ ಹೇಳುತ್ತಿರಬೇಕು. ಗೆಳೆಯನಿಗೆ ಈ ಭಾರ ಇನ್ನು ಸಾಕು. ನಾಳೆ ಅಮೀನಗಡದಲ್ಲಿ ಗುಡೂರಿನವರ ಮೇಲೆ ಪಂದ್ಯ. ಸೋತರೆ ಈ ವರ್ಷದ ಲೀಗು ಅಲ್ಲಿಗೆ ಮುಗಿಯಿತು. ತಾನಾಗಿಯೇ ಹೊರಗುಳಿಯುತ್ತೇನೆಂದು ಇವತ್ತೇ ಹೇಳಿಬಿಡಬೇಕು. ಶನಿವಾರ ಶಮಾಳ ಲ್ಯಾಬಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಊಟಕ್ಕೆ ಕೂತು ಇದನ್ನು ಅವಳಿಗೆ ಹೇಳಿದಾಗ ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಈ ಸಲ ನಗದೆ, "ಹೇಳ್ರಿ. ಆದ್ರ ಭಾಷಣ ಮಾಡಬ್ಯಾಡ್ರಿ, ಎರಡ ಮಾತಿನ್ಯಾಗ ಹೇಳಿ ಬರ್ರಿ," ಎಂದಳು.

ಅವನು ಭಾಷಣವನ್ನೇ ತಯಾರಿಸಿಕೊಂಡು ಹೋದ. ಚೇತನಕುಮಾರನದು ಕೋರ್ಟಿನ ಹತ್ತಿರ ಔಷಧಿ ಅಂಗಡಿ. ಸಂಜೆಯ ಹೊತ್ತು, ಗಿರಾಕಿಗಳು ಚೀಟಿ ಹಿಡಿದು ನಿಂತಿದ್ದರು. ಚೇತನ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಬಾ, ಒಳಗ ಬಾ, ಸ್ಟೂಲ್ ಐತಿ," ಎಂದ. ಸ್ಟೂಲಿನ ಮೇಲೆ ಕೂತು, ಕೆಮ್ಮಿನ ಔಷಧಿಯ ಸಾಲು ಬಾಟಲಿಗಳನ್ನು ಎದುರಿಗಿಟ್ಟುಕೊಂಡು, ಬಂದೇನವಾಜ ತನ್ನ ಸರದಿಗಾಗಿ ರೋಗಿಯಂತೆ ಕಾದ. ಅಂಗಡಿ ಖಾಲಿಯಾದ ಕೂಡಲೇ ಎದ್ದು ನಿಂತ. ಇಂಥ ಮಾತನ್ನು ಕೂತು ಹೇಳಬಾರದೆಂದು ಅವನಿಗೆ ಅನಿಸಿತ್ತು.

"ಚೇತೂ, ನೀ ನನ್ನ ಸಲುವಾಗಿ ಭಾಳ ಮಾಡೀದಿ. ಅದು ನನಗ ತಿಳೀತೈತಿ. ಮಂದಿ ಏನ ಅಂದ್ರೂ ನೀ ನನ್ನ ಕೈ ಬಿಡ್ಲಿಲ್ಲ. ಆದ್ರ ಇನ್ನ ಸಾಕು. ಸಂಘ ದೊಡ್ಡದು, ಮನಷ್ಯಾ ಸಣ್ಣಾವ. ನಾಳಿ ನಾ ಆಡೂದಿಲ್ಲ."

ಚೇತನ ಗುಳಿಗೆಯ ಡಬ್ಬಿ ಜೋಡಿಸುತ್ತಿದ್ದವನು ಗಾಬರಿಯಿಂದ ತಿರುಗಿದ. "ಲೇ, ಹಂಗ ಮಾಡಬ್ಯಾಡಲೇ. ಹಂಗ ಮಾಡಿದ್ರ ಹತ್ತ ಮಂದಿ ಆಕ್ಕೀವಿ."

"ಏನು?"

"ಹತ್ತ ಮಂದಿ. ನಾಳಿ ಲಗ್ನದ ದಿನ ಐತಿ, ಯಾರೂ ಸಿಗವಲ್ರು. ಹೋದ ವಾರಾನೂ ಸಿಗಲಿಲ್ಲ, ಅದರ ಹಿಂದಿನ ವಾರಾನೂ ಸಿಗಲಿಲ್ಲ. ಅಮಾತೆಪ್ಪನ್ನ ಕೇಳಿದೆ, ಅವನಿಗೆ ಹರ್ನಿಯಾ. ಬ್ಯಾಂಕಿನ ಹೊಸಾ ಮ್ಯಾನೇಜರನ್ನ ಕೇಳಿದೆ, ಅಂವಾ ಚೆಸ್ ಆಡ್ತಾನಂತ. ನೀ ಏನೂ ಮಾಡಬ್ಯಾಡೋ, ಬಂದ ನಿಂದ್ರು ಸಾಕು. ಹನ್ನೊಂದ ಮಂದಿ ಅಂತ ಕಾಣಬೇಕಲ್ಲ."

ಬಂದೇನವಾಜ ಮತ್ತೆ ಸ್ಟೂಲಿನ ಮೇಲೆ ಕೂತ. "ಅಂದ್ರ ನೀ ನನ್ನ ಇಟ್ಕೊಂಡಿದ್ದು..." ಎಂದು ಶುರುಮಾಡಿ ಮುಗಿಸಲಿಲ್ಲ. ಚೇತನ ಅವನ ಮುಖ ನೋಡಿ, ಏನೋ ತಪ್ಪಾಯಿತೆಂದು ತಿಳಿದು, ಆದರೆ ಏನೆಂದು ತಿಳಿಯದೆ, ಡಬ್ಬಿಯಿಂದ ಎರಡು ಶುಂಠಿ ಪೆಪ್ಪರಮಿಂಟು ತೆಗೆದು ಅವನ ಮುಂದಿಟ್ಟ. "ತಗೋ. ಬರ್ತೀ ಹೌದಲ್ಲೋ?" "ಬರ್ತೇನಿ," ಎಂದು ಬಂದೇನವಾಜ ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡ. ಅದು ಖಾರವಿತ್ತು.

ಮನೆಗೆ ನಡೆದು ಬರುವಾಗ ಅವನು ಕಳೆದುಕೊಂಡದ್ದು ಏನೆಂದು ಲೆಕ್ಕ ಹಾಕಲು ನೋಡಿದ. ಎರಡು ತಿಂಗಳು ಅವನು ಒಂದು ಕರುಣೆಯ ಕೆಳಗೆ ಬಾಗಿ ನಡೆದಿದ್ದ. ಅದು ಭಾರವಾಗಿತ್ತು, ಆದರೆ ತಲೆಯ ಮೇಲೆ ಏನೋ ಇದೆ ಎಂಬ ಘನತೆಯನ್ನಾದರೂ ಕೊಟ್ಟಿತ್ತು. ಈಗ ನೋಡಿದರೆ ಮೇಲೆ ಏನೂ ಇರಲಿಲ್ಲ, ಬರೀ ಬಯಲು. ಯಾರೂ ಅವನಿಗಾಗಿ ಜಗಳವಾಡಿರಲಿಲ್ಲ. ಅವನ ಹೆಸರು ಬಂದಾಗ ಯಾರೂ ಹಲ್ಲು ಕಡಿದಿರಲೂ ಇಲ್ಲ, ಕಣ್ಣೀರು ಒರೆಸಿರಲೂ ಇಲ್ಲ. ಹತ್ತರ ಮುಂದೆ ಹನ್ನೊಂದು ಬರೆದಿದ್ದರು, ಅಷ್ಟೇ. ಅವನಿಗೆ ಬಹಳ ಸಿಟ್ಟು ಬಂತು. ಸಿಟ್ಟಿನಲ್ಲಿ ಬೇಗ ಬೇಗ ನಡೆದ. ತಾಲ್ಲೂಕು ಕಚೇರಿಯ ತಿರುವಿನಲ್ಲಿ ಟ್ರಾಫಿಕ್ ಪೊಲೀಸಿನವನು ಎರಡೂ ಕೈ ಅಗಲಿಸಿ ಎರಡು ಕಡೆಯ ವಾಹನ ತಡೆದು ನಿಂತಿದ್ದ. ಬಂದೇನವಾಜ ಅವನನ್ನು ದುರುಗುಟ್ಟಿಕೊಂಡು ನೋಡುತ್ತ ಅವನ ಪಕ್ಕದಲ್ಲಿಯೇ ದಾಟಿ ಹೋದ. ಮನೆಯಲ್ಲಿ ಶಮಾ ಕೇಳಿದಾಗ, "ನಾಳಿ ಆಡ್ತೇನಿ. ಬೇಕಾಗಿದೀನಂತ," ಎಂದ.

ಭಾನುವಾರ ಅಮೀನಗಡದ ಮೈದಾನದಲ್ಲಿ ಬಿಸಿಲು ಬೆಳಗಿನಿಂದಲೇ ಸುಡುತ್ತಿತ್ತು. ಹೆದ್ದಾರಿಗೆ ಹತ್ತಿದ ಮೈದಾನ. ರಸ್ತೆಯ ಆಚೆ ಕರದಂಟಿನ ಅಂಗಡಿಗಳು, ಬಸ್ಸುಗಳು ಬಂದು ನಿಂತಾಗಲೆಲ್ಲ ಗಾಳಿ ತಿರುಗಿ ಬೆಲ್ಲ ತುಪ್ಪದ ವಾಸನೆ ಬೌಂಡರಿಯವರೆಗೆ ಬರುತ್ತಿತ್ತು. ಬಂದ ನಿಂದ್ರು ಸಾಕು ಎಂದಿದ್ದನಲ್ಲ, ಬಂದೇನವಾಜ ಬಂದು ನಿಂತ. ಬ್ಯಾಟಿಂಗಿನಲ್ಲಿ ಅವನದು ಹನ್ನೊಂದನೆಯ ಸ್ಥಾನ, ಸರದಿ ಬರಲಿಲ್ಲ. ಫೀಲ್ಡಿಂಗಿಗೆ ಅವನನ್ನು ರಸ್ತೆಯ ಬದಿಗೆ, ಚೆಂಡು ವಿರಳವಾಗಿ ಬರುವ ಕಡೆ ನಿಲ್ಲಿಸಿದರು. ಎರಡು ತಿಂಗಳಲ್ಲಿ ಮೊದಲ ಸಲ ಅವನಿಗೆ ಹೊಟ್ಟೆಯಲ್ಲಿ ಗಂಟು ಇರಲಿಲ್ಲ. ಇದನ್ನು ಅವನು ಬಹಳ ಹೊತ್ತು ಗಮನಿಸಲಿಲ್ಲ; ಗಮನಿಸಿದ ಮೇಲೆ ಇದೂ ಅವಮಾನವೇ ಅಲ್ಲವೇ ಎಂದು ಯೋಚಿಸಿದ. ತನ್ನಿಂದ ಯಾರಿಗೂ ಏನೂ ಬೇಡ. ಬೇಡವಾದವನ ಹೊಟ್ಟೆ ಇಷ್ಟು ಹಗುರವಾಗಿರುತ್ತದೆಯೇ? ಬಸ್ಸಿನಿಂದ ಇಳಿದ ಒಬ್ಬ ಮುದುಕ ಬೇಲಿಯ ಹತ್ತಿರ ಬಂದು, "ಯಾವ ಊರಿನ ಟೀಮ್ರಿ?" ಎಂದು ಕೇಳಿದ. "ಹುನಗುಂದ್ರಿ." "ಅಲ್ಲೊಬ್ಬಾವ ಚಲೋ ಸ್ಪಿನ್ ಹಾಕಾವ ಇದ್ನಲ್ರಿ, ಡ್ರೈವಿಂಗ್ ಸ್ಕೂಲಿನಾವ?" ಬಂದೇನವಾಜ ಒಂದು ಕ್ಷಣ ಯೋಚಿಸಿ, "ಇದ್ದಾನ್ರಿ. ಈಗ ಭಾಳ ಹಾಕೂದಿಲ್ಲ," ಎಂದ. ಮುದುಕ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ ಬಸ್ಸು ಹತ್ತಿದ.

ಗುಡೂರಿನವರು ಚೆನ್ನಾಗಿ ಆಡುತ್ತಿದ್ದರು, ಆದರೆ ಅವರ ವಿಕೆಟ್ಟುಗಳೂ ಬೀಳುತ್ತಿದ್ದವು. ಪಂದ್ಯ ಕೊನೆಗೆ ಬಂದಾಗ ಒಂದು ಓವರ್ ಉಳಿದಿತ್ತು. ಅವರಿಗೆ ಹದಿಮೂರು ರನ್ ಬೇಕಿತ್ತು. ಆ ಓವರ್ ಹಾಕಬೇಕಾದ ವೇಗದ ಬೌಲರು ಹಿಂದಿನ ಚೆಂಡನ್ನು ತಡೆಯಲು ಹೋಗಿ ಕಾಲು ಹಿಡಿದುಕೊಂಡು ಕೂತಿದ್ದ. ಉಳಿದ ಬೌಲರುಗಳ ಪಾಲಿನ ಓವರುಗಳೆಲ್ಲ ಮುಗಿದಿದ್ದವು. ಚೇತನ ಸೊಂಟದ ಮೇಲೆ ಕೈಯಿಟ್ಟು ಮೈದಾನದ ಸುತ್ತ ಒಬ್ಬೊಬ್ಬರನ್ನೇ ನೋಡಿದ, ಮನೆಯಲ್ಲಿ ಕೀಲಿ ಕಳೆದವನು ಮತ್ತೆ ಮತ್ತೆ ಅದೇ ಗೂಡು ನೋಡುವ ಹಾಗೆ. ಕೊನೆಗೆ ಅವನ ಕಣ್ಣು ರಸ್ತೆಯ ಬದಿಗೆ ಬಂದು ನಿಂತಿತು. ಬಂದೇನವಾಜ ಮೊದಲು ಹಿಂದೆ ತಿರುಗಿ ನೋಡಿದ; ಹಿಂದೆ ಬಸ್ಸು ಮಾತ್ರ ಇತ್ತು. ಅವನು ಪಿಚ್ಚಿನ ಕಡೆಗೆ ನಡೆದ. ಬ್ಯಾಟ್ಸ್‌ಮನ್ ಅವನನ್ನು ಗುರುತಿಸಿ, ಜೊತೆಗಾರನ ಕಡೆ ನೋಡಿ ಹುಬ್ಬು ಹಾರಿಸಿದ. ಚೇತನ ಚೆಂಡು ಕೊಡುತ್ತ, "ಹೆಂಗರ ಹಾಕು," ಎಂದ. ಅದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಕ್ಯಾಪ್ಟನ್ ಯಾರಿಗೂ ಹೇಳಿರಲಾರ. ಹೇಳಿ, ಬೌಲರನ ಹತ್ತಿರವೇ, ಮಿಡ್-ಆಫಿನಲ್ಲಿ ಹೋಗಿ ನಿಂತ.

ಮೊದಲನೆಯದು ವೈಡ್. ರಾಚಯ್ಯ ಕೈ ಅಗಲಿಸಿದರು. ಎರಡನೆಯದೂ ವೈಡ್, ಲೆಗ್ಗಿನ ಬದಿಗೆ ಎಷ್ಟು ದೂರವೆಂದರೆ ಅಫ್ಸರ ಅಡ್ಡ ಹಾರಿ, ಮಣ್ಣಿನಲ್ಲಿ ಉರುಳಿ ಹಿಡಿದ. ಆಮೇಲೊಂದು ಎತ್ತರದ ಚೆಂಡು ನೆಲಕ್ಕೆ ಮುಟ್ಟದೆಯೇ ಹೋಯಿತು. ಬ್ಯಾಟ್ಸ್‌ಮನ್ ಅದನ್ನು ಕರದಂಟಿನ ಅಂಗಡಿಗೇ ಕಳಿಸುವ ಆಸೆಯಲ್ಲಿ ಬೀಸಿದ, ಅಂಚಿಗೆ ಬಡಿದು ನಾಲ್ಕು ಬಂತು. ಮತ್ತೊಂದು ಒಂಟಿ ರನ್. ಮತ್ತೊಂದು. ಬೆರಳು ಪ್ರತಿ ಸಲವೂ "ಈಗೇನಾ?" ಎಂದು ಕೇಳಿತು. ಅಫ್ಸರ ಈಗ ಬುದ್ಧಿ ಕಲಿತು ಮೊದಲೇ ಲೆಗ್ಗಿನ ಬದಿಗೆ ಸರಿದು ನಿಲ್ಲತೊಡಗಿದ್ದ, ಮನೆ ಸೋರುವ ಜಾಗ ಗೊತ್ತಿದ್ದವರು ಅಲ್ಲಿಗೇ ಪಾತ್ರೆ ಇಡುವ ಹಾಗೆ. ಬ್ಯಾಟ್ಸ್‌ಮನ್ನುಗಳೂ ಆಸೆ ಹೆಚ್ಚಾಗಿ ತಪ್ಪು ಮಾಡುತ್ತಿದ್ದರು. ಇಷ್ಟು ಕೆಟ್ಟ ಚೆಂಡುಗಳನ್ನು ಹೇಗೆ ಹೊಡೆಯಬೇಕೆಂದು ಯಾರೂ ಅವರಿಗೆ ಕಲಿಸಿರಲಿಲ್ಲ. ಹೀಗೆ, ಯಾರ ಸಾಮರ್ಥ್ಯದಿಂದಲೂ ಅಲ್ಲದೆ, ಪಂದ್ಯ ಕೊನೆಯ ಚೆಂಡಿಗೆ ಬಂದು ನಿಂತಿತು. ಗೆಲ್ಲಲು ಅವರಿಗೆ ಮೂರು ರನ್ ಬೇಕು.

ಅಷ್ಟರಲ್ಲಿ ಬ್ಯಾಟ್ಸ್‌ಮನ್ ಕೈಯೆತ್ತಿದ. ಬಂದೇನವಾಜನ ಬೆನ್ನ ಹಿಂದೆ ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು, ಅದರ ಗಾಜಿನ ಬಿಸಿಲು ಬ್ಯಾಟ್ ಹಿಡಿದವನ ಕಣ್ಣಿಗೆ ಕುಕ್ಕುತ್ತಿತ್ತು. ಬಸ್ಸು ಹೋಗಲಿ ಎಂದು ರಾಚಯ್ಯ ಆಟ ತಡೆದರು. ಕಂಡಕ್ಟರು ಕೆಳಗೆ ನಿಂತು ಯಾರೋ ಕರದಂಟು ತರಲು ಹೋದವರನ್ನು ಕೂಗುತ್ತಿದ್ದ. ಬಂದೇನವಾಜ ತಿರುಗಿ ನಿಂತು, ಮಾಡಲು ಬೇರೇನೂ ಇಲ್ಲದೆ, ಬಸ್ಸನ್ನು ನೋಡಿದ. ಕಿಟಕಿಯಲ್ಲಿ ಒಬ್ಬ ಹೆಂಗಸು ಕರದಂಟಿನ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ಅಂಟಿನ ಉಂಡೆ, ಬಿಡಲೊಲ್ಲದು. ಅವಳು ತಲೆಯನ್ನು ಒಂದು ಕಡೆಗೆ, ಕೈಯನ್ನು ಇನ್ನೊಂದು ಕಡೆಗೆ ಎಳೆದಳು. ಕಣ್ಣು ಮುಚ್ಚಿ ಎಳೆದಳು. ಪಕ್ಕದಲ್ಲಿ ಗಂಡನಿರಬೇಕು, ಅವನು ತನ್ನ ತುಂಡನ್ನು ಆಗಲೇ ಮುಗಿಸಿ ಅವಳದನ್ನು ನೋಡುತ್ತಿದ್ದ. ಈಕೆ ಗೆಲ್ಲುತ್ತಾಳೋ ಕರದಂಟು ಗೆಲ್ಲುತ್ತದೋ ಎಂಬುದು ಬಂದೇನವಾಜನಿಗೆ ಆ ಹೊತ್ತಿನ ದೊಡ್ಡ ಪ್ರಶ್ನೆಯಾಯಿತು. ಕೈಯಲ್ಲಿ ಚೆಂಡು ತನ್ನಷ್ಟಕ್ಕೆ ಮೇಲೆ ಹಾರಿ ಕೆಳಗೆ ಬೀಳುತ್ತಿತ್ತು. ಕೂಗಿಸಿಕೊಂಡವರು ಓಡಿ ಬಂದು ಹತ್ತಿದರು, ಸೀಟಿ ಕೇಳಿತು, ಬಸ್ಸು ಹೊರಟಿತು, ಆ ಎಳೆದಾಟ ಏನಾಯಿತೆಂದು ತಿಳಿಯಲೇ ಇಲ್ಲ. "ಹಾಕಪಾ ತಮ್ಮಾ, ಹೊತ್ತಾತು," ಎಂದರು ರಾಚಯ್ಯ. ಅವನು ತಿರುಗಿ, ಆಕೆ ಗೆದ್ದಿರಬೇಕು ಎಂದುಕೊಳ್ಳುತ್ತ, ನಾಲ್ಕು ಹೆಜ್ಜೆ ನಡೆದು ಹಾಕಿದ.

ಬೆರಳು ಏನನ್ನೂ ಕೇಳಲಿಲ್ಲ. ಉಂಗುರದ ಬೆರಳಿನ ಮೇಲಿಂದ ಚೆಂಡಿನ ಹೊಲಿಗೆ ಸವರಿಕೊಂಡು ಹೋದದ್ದು ಅವನಿಗೆ ಹೋದ ಮೇಲೆ ಗೊತ್ತಾಯಿತು. ಗಾಳಿಯಲ್ಲಿ ಅದು ಗುಂಯ್ ಎಂದಿತು. ಆ ಸದ್ದನ್ನು ಕೇಳಿ ಎರಡು ತಿಂಗಳಾಗಿತ್ತು. ಚೆಂಡು ಮೇಲೆದ್ದು, ಇನ್ನೇನು ಬ್ಯಾಟಿಗೆ ಸಿಕ್ಕಿತು ಎನ್ನುವಲ್ಲಿ ತಟ್ಟನೆ ಕುಸಿದು, ಬ್ಯಾಟ್ಸ್‌ಮನ್ನಿನ ಕಾಲುಗಳ ಹಿಂದಿನ ಬದಿಗೆ ಮ್ಯಾಟಿನ ಮೇಲೆ ಬಿದ್ದಿತು. ಬಿದ್ದದ್ದೇ ಹಾವು ತಲೆ ತಿರುಗಿಸಿದ ಹಾಗೆ ಆಚೆ ಬದಿಗೆ ತಿರುಗಿತು. ಬ್ಯಾಟ್ಸ್‌ಮನ್ ಬೀಸಿದ ಬ್ಯಾಟು ಗಾಳಿಯನ್ನು ಹೊಡೆದು ಅವನನ್ನೇ ಒಂದು ಸುತ್ತು ತಿರುಗಿಸಿತು. ಚೆಂಡು ಸ್ಟಂಪಿನ ಪಕ್ಕದಲ್ಲಿ, ಒಂದು ಕೂದಲು ಹೊಗುವಷ್ಟು ಜಾಗ ಬಿಟ್ಟು, ಹಾದು ಹೋಯಿತು. ಲೆಗ್ಗಿನ ಬದಿಗೆ ಸರಿದು ಪಾತ್ರೆ ಇಟ್ಟುಕೊಂಡು ನಿಂತಿದ್ದ ಅಫ್ಸರ ಕಣ್ಣು ಬಿಟ್ಟು ನೋಡುತ್ತಿದ್ದಂತೆ ಅದು ಅವನ ಇನ್ನೊಂದು ಬದಿಯಿಂದ ಹೊರಟು, ಕಾಯುವವರು ಯಾರೂ ಇಲ್ಲದ ಬಯಲಿನಲ್ಲಿ ಆರಾಮಾಗಿ ಉರುಳಿ ಬೌಂಡರಿ ದಾಟಿತು. ಬೈ, ನಾಲ್ಕು ರನ್. ಗುಡೂರಿನವರು ಕುಣಿಯುತ್ತ ಒಳಗೆ ಬಂದರು. ಅಫ್ಸರ ಅಲ್ಲಿಯೇ ಮೊಣಕಾಲೂರಿ ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡ. ಬಂದೇನವಾಜ ತನ್ನ ಬಲಗೈಯನ್ನು ನೋಡುತ್ತ ನಿಂತಿದ್ದ.

ಹಿಂದಿರುಗುವಾಗ ಎಲ್ಲರೂ ಒಂದು ಕ್ರೂಸರ್ ಜೀಪಿನಲ್ಲಿ ತುರುಕಿಕೊಂಡು ಕೂತರು. ಮುಂದಿನ ಸೀಟಿನಲ್ಲಿ ಚೇತನ, ನಡುವಿನಲ್ಲಿ ಉಳಿದವರು ಒಬ್ಬರ ಮೇಲೊಬ್ಬರು, ಹಿಂದೆ ಕಿಟ್ಟುಬ್ಯಾಗಿನ ಪಕ್ಕ ಬಂದೇನವಾಜ ಮತ್ತು ಅಫ್ಸರ. ಲೀಗು ಮುಗಿದಿತ್ತು, ಮುಂದಿನದು ದೀಪಾವಳಿ ಕಳೆದ ಮೇಲೆ. ಬಂದೇನವಾಜ ಮುಖವನ್ನು ಕಿಟಕಿಯ ಕಡೆಗೆ ಗಟ್ಟಿಯಾಗಿ ತಿರುಗಿಸಿಕೊಂಡಿದ್ದ, ಏಕೆಂದರೆ ಅದು ಅವನ ಮಾತು ಕೇಳುತ್ತಿರಲಿಲ್ಲ. ತುಟಿಗಳು ಎರಡೂ ಬದಿಗೆ ಎಳೆಯುತ್ತಿದ್ದವು. ಹತ್ತು ಜನರ ಒಂದು ವರ್ಷದ ಆಸೆ ತನ್ನ ಕೈಯಿಂದಲೇ ಹೋಗಿದೆ, ಇವರ ನಡುವೆ ಕೂತು ನಗುವುದೆಂದರೆ ಸಣ್ಣ ನೀಚತನವಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಬೇವಿನ ನೆರಳಿನಲ್ಲಿ ಕೂತು ಹುಡುಕಿದ್ದ ಘನವಾದ ಪಾಪ ಕೊನೆಗೂ ಸಿಕ್ಕಿತೆಂದು ಹೊಳೆದು ತುಟಿ ಮತ್ತಷ್ಟು ಎಳೆಯಿತು. ದುಃಖದ ಸಂಗತಿಗಳನ್ನು ನೆನೆಯಲು ಪ್ರಯತ್ನಿಸಿದ. ಸೋದರಮಾವನ ಮಣ್ಣನ್ನು ನೆನೆದ, ಸ್ಕೋರು ನೆನಪಾಯಿತು. ಉಸಿರು ಬಿಗಿಹಿಡಿದ, ಕಣ್ಣಲ್ಲಿ ನೀರು ಬಂತು. ನಡುವಿನ ಸೀಟಿನಿಂದ ಯಾರೋ ತಿರುಗಿ ನೋಡಿ, ಅಳುತ್ತಿದ್ದಾನೆಂದು ತಿಳಿದು, ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು.

"ನವಾಜಭಾಯಿ," ಎಂದ ಅಫ್ಸರ ಕೊನೆಗೆ. "ತಪ್ಪ ನಂದ್ರಿ. ನೀವು ಹಾಕಿದ್ದು ಖರೆ ಇತ್ತು. ಅದು ಅಷ್ಟ ತಿರುಗತೈತಿ ಅಂತ ನನಗ ತಿಳೀಲೇ ಇಲ್ಲ."

ಅವನನ್ನು ಸಮಾಧಾನ ಮಾಡಬೇಕು. ನಿನ್ನದೇನೂ ತಪ್ಪಿಲ್ಲ, ಎರಡು ತಿಂಗಳು ನಾನೇ ನಿನಗೆ ಆ ಕಡೆ ಸರಿಯುವುದನ್ನು ಕಲಿಸಿದೆ ಎಂದು ಹೇಳಬೇಕು. ಬಂದೇನವಾಜ ಹುಡುಗನ ಭುಜದ ಮೇಲೆ ಕೈಯಿಟ್ಟ. ಅದನ್ನೇ ಹೇಳಲು ಬಾಯಿ ತೆರೆದ. ಬಾಯಿಂದ ಹೊರಟದ್ದು ಬೇರೆ.

"ಎಷ್ಟ ತಿರುಗ್ತು?"

ಅಫ್ಸರ ಅರ್ಥವಾಗದೆ ಅವನ ಮುಖ ನೋಡಿದ. ಆಮೇಲೆ ಗ್ಲೌಸು ಕಳಚಿ, ಅಳುಮುಖದಲ್ಲಿಯೇ, ಬೆರಳು ಚಾಚಿ ತೋರಿಸಿದ. "ಒಂದ ಗೇಣ ಇರಬೇಕ್ರಿ."

ಕ್ರೂಸರು ಒಂದು ತಗ್ಗು ಹಾರಿತು. ಮುಂದಿನ ಸೀಟಿನಲ್ಲಿ ಚೇತನಕುಮಾರ ಹಿಂದಕ್ಕೆ ತಿರುಗದೆ, ರಸ್ತೆಯ ಮೇಲಿನ ಕಣ್ಣನ್ನೂ ತೆಗೆಯದೆ, ಇಡೀ ಜಗತ್ತಿನ ಮೇಲೆ ಸಿಟ್ಟಿದ್ದವನ ದನಿಯಲ್ಲಿ ಹೇಳಿದ:

"ಒಂದ ಗೇಣಲ್ಲಲೇ. ಒಂದೂವರಿ."